ಒಂದು ಟನ್ ಕಬ್ಬಿಣಕ್ಕೆ ಎಷ್ಟು ಇದ್ದಿಲು?

ಕೇಳುಗರಿಗೆ ನಮಸ್ಕಾರ. 1923ರಲ್ಲಿ ಭದ್ರಾವತಿಯ ಊದುಕುಲುಮೆ ಕೆಲಸ ಆರಂಭಿಸಿದಾಗ ಅದಕ್ಕೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಇದ್ದಿಲು ಮಲೆನಾಡಿನ ಸೌದೆಯಿಂದ. ಒಂದು ಟನ್ ಕಬ್ಬಿಣಕ್ಕೆ ಎಷ್ಟು ಇದ್ದಿಲು ಬೇಕು ಎಂಬ ಪ್ರಶ್ನೆಯನ್ನು ಹಿಡಿದು, ಹಲವು ಹಂತಗಳ ರಾಸಾಯನಿಕ ಕ್ರಿಯೆಯಲ್ಲಿ ರಾಶಿಯ ಲೆಕ್ಕ ಹಾಕುವ ಬಗೆಯನ್ನು, ಅಂದರೆ ಸ್ಟಾಯ್ಕಿಯೋಮೆಟ್ರಿಯನ್ನು, ಇಂದು ನೋಡೋಣ. ಕಾಗದ, ಪೆನ್ಸಿಲ್ ಕೈಗೆ ಸಿಗುವಂತಿದ್ದರೆ ಒಳ್ಳೆಯದು.

ಮೊದಲು ಇದ್ದಿಲಿನ ಕಾರ್ಬನ್ ಗಾಳಿಯ ಆಕ್ಸಿಜನ್ನಿನೊಡನೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಆ ಅನಿಲ ಕುಲುಮೆಯಲ್ಲಿ ಮೇಲೇರುತ್ತ ಹೆಮಟೈಟ್ ಅದಿರಿನಿಂದ ಆಕ್ಸಿಜನ್ ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಒಂದು ಕಾರ್ಬನ್ ಪರಮಾಣುವಿನಿಂದ ಒಂದು ಮೊನಾಕ್ಸೈಡ್ ಅಣು. ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಮೊನಾಕ್ಸೈಡ್ ಅಣುಗಳು. ಸರಿದೂಗಿಸಿದ ಎರಡು ಸಮೀಕರಣಗಳಿಂದ ನಮಗೆ ಬೇಕಾದದ್ದು ಇಷ್ಟೇ.

ಈಗ ಹಿಂದಿನಿಂದ ಮುಂದಕ್ಕೆ ಬರೋಣ. ಮೋಲ್ ಎಂದರೆ ಪರಮಾಣು, ಅಣುಗಳನ್ನು ಎಣಿಸುವ ಅಳತೆ; ಪರಮಾಣು ಅಥವಾ ಅಣು ರಾಶಿಯಷ್ಟು ಕಿಲೋಗ್ರಾಂ ವಸ್ತುವಿದ್ದರೆ ಅದು ಒಂದು ಕಿಲೋಮೋಲ್. ಕಬ್ಬಿಣದ ಪರಮಾಣು ರಾಶಿ 56 ಆದ್ದರಿಂದ 1000 ಕಿಲೋಗ್ರಾಂ ಕಬ್ಬಿಣವೆಂದರೆ 17.86 ಕಿಲೋಮೋಲ್. ಇದನ್ನು ಮೂರರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 26.79 ಕಿಲೋಮೋಲ್ ಮೊನಾಕ್ಸೈಡ್. ಕಾರ್ಬನ್ನೂ ಅಷ್ಟೇ ಕಿಲೋಮೋಲ್. ಅದರ ಪರಮಾಣು ರಾಶಿ 12ರಿಂದ ಗುಣಿಸಿದರೆ ಸುಮಾರು 321 ಕಿಲೋಗ್ರಾಂ ಕಾರ್ಬನ್.

ನಡುವಿನ ಮೊನಾಕ್ಸೈಡಿನ ರಾಶಿಯನ್ನು ನಾವು ಲೆಕ್ಕ ಹಾಕಲೇ ಇಲ್ಲ ಎಂಬುದನ್ನು ಗಮನಿಸಿ. ಅದು 750 ಕಿಲೋಗ್ರಾಂ; ಆದರೆ ಅದರ ಅಣು ರಾಶಿ 28ರಿಂದ ಗುಣಿಸಿ, ಮರುಗಳಿಗೆಯೇ 28ರಿಂದ ಭಾಗಿಸುವ ಶ್ರಮ ಯಾರಿಗೆ ಬೇಕು? ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸಬೇಕಾದದ್ದು ಮೋಲ್‌ಗಳನ್ನು, ಕಿಲೋಗಳನ್ನಲ್ಲ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಮೂರಕ್ಕೆ ಎರಡು ಎಂಬ ಅನುಪಾತವನ್ನು ಮರೆತು: ಆಗ ಉತ್ತರ 214ಕ್ಕೆ ಇಳಿದು, ನೂರು ಕಿಲೋಗೂ ಮೀರಿ ಕಾರ್ಬನ್ ಕೊರತೆಯಾಗುತ್ತದೆ.

ಇದ್ದಿಲು ಅಪ್ಪಟ ಕಾರ್ಬನ್ ಅಲ್ಲ. ಅದರಲ್ಲಿ ನೂರಕ್ಕೆ 80 ಭಾಗ ಕಾರ್ಬನ್ ಇದೆಯೆಂದು ಇಟ್ಟುಕೊಂಡರೆ, 321ನ್ನು 0.8ರಿಂದ ಭಾಗಿಸಬೇಕು, ಗುಣಿಸಬಾರದು. ಉತ್ತರ ಸುಮಾರು 402 ಕಿಲೋಗ್ರಾಂ. ಕಲ್ಮಶವಿದ್ದಾಗ ಹೆಚ್ಚು ಸುರಿಯಬೇಕೆಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು, ಪರೀಕ್ಷೆಯ ಹಾಳೆಯ ಮೇಲೆ ಮಾತ್ರ ಮರೆತುಹೋಗುತ್ತದೆ.

ನಿಜವಾದ ಕುಲುಮೆಗೆ ಇದಕ್ಕಿಂತ ಬಹಳ ಹೆಚ್ಚು ಇದ್ದಿಲು ಬೇಕು. ಕಾವನ್ನು ಕೊಡಬೇಕಾದದ್ದೂ ಅದೇ ಇದ್ದಿಲು. ಸ್ವಲ್ಪ ಕಾರ್ಬನ್ ಕರಗಿದ ಕಬ್ಬಿಣದಲ್ಲೇ ಉಳಿಯುತ್ತದೆ. ಮೊನಾಕ್ಸೈಡಿನ ಒಂದು ಪಾಲು ಅದಿರಿನೊಡನೆ ವರ್ತಿಸದೆ ಕುಲುಮೆಯ ನೆತ್ತಿಯಿಂದ ಹೊರಬರುತ್ತದೆ. ಹಾಗೆ ಹೊರಬಂದದ್ದನ್ನು ಹಿಡಿದು ಉರಿಸಿ, ಊದುಕುಲುಮೆಗಳಲ್ಲಿ ಒಳಗೆ ಊದುವ ಗಾಳಿಯನ್ನು ಕಾಯಿಸುತ್ತಾರೆ.