ಕ್ಯಾಲೆಂಡರ್ ಪಕ್ಕದ ಚೀಟಿ

ಕೇಳುಗರೆ, ನಮಸ್ಕಾರ.

ಹೋದ ಸಲ ಆಯುಧಪೂಜೆಗೆ ಮನೆ ಗುಡಿಸುವಾಗ ಅಟ್ಟದಿಂದ ಮೂರು ರಟ್ಟಿನ ಡಬ್ಬ ಕೆಳಗಿಳಿದವು. ಮೂರಕ್ಕೂ ಸುತ್ತಿದ ಟೇಪು ಹಾಗೇ ಇತ್ತು. ಮೇಲೆ ನನ್ನದೇ ಹೆಸರು, ನನ್ನದೇ ವಿಳಾಸ. ಒಳಗೇನಿದೆ ಅಂತ ಮಾತ್ರ ನನಗೆ ಗೊತ್ತಿಲ್ಲ. ನಮ್ಮ ಮನೆಯವರು ಏಣಿಯ ಮೇಲಿಂದಲೇ, "ಯಾರಾದರೂ ಉಡುಗೊರೆ ಕಳಿಸಿದ್ರಾ?" ಅಂದರು. ಕತ್ತರಿ ತಂದು ಬಿಚ್ಚಿದೆ. ಒಂದರಲ್ಲಿ ದಾರ ಎಳೆದರೆ ಈರುಳ್ಳಿ ಹೆಚ್ಚುವ ಡಬ್ಬಿ. ಅಂಥದ್ದು ಅಡುಗೆಮನೆಯಲ್ಲಿ ಆಗಲೇ ಎರಡಿತ್ತು. ಇನ್ನೊಂದರಲ್ಲಿ ಪ್ರಯಾಣದಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು. ನಾವು ಮೈಸೂರು ಬಿಟ್ಟು ಹೊರಡುವುದೇ ವರ್ಷಕ್ಕೆ ಎರಡು ಸಲ, ಪುಣೆಯಲ್ಲಿರುವ ಮಗಳ ಮನೆಗೆ. ಮೂರನೇ ಡಬ್ಬದಲ್ಲಿ ಏನಿತ್ತು ಅಂತ ಈಗಲೇ ಹೇಳಲು ನಾಚಿಕೆ. ಬಿಡಿ.

ಅವತ್ತು ರಾತ್ರಿ ಫೋನಿನಲ್ಲಿ ಆನ್‌ಲೈನ್ ಅಂಗಡಿಯ ಹಳೆಯ ಆರ್ಡರುಗಳ ಪಟ್ಟಿ ತೆಗೆದೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ತಪ್ಪಿನಲ್ಲಿ ಅವರ ಪಾಲಿಗಿಂತ ನನ್ನ ಹೆಬ್ಬೆರಳಿನ ಪಾಲೇ ಜಾಸ್ತಿ. ಒಂದು ವರ್ಷಕ್ಕೆ 168 ಆರ್ಡರ್. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಭಾಗಾಕಾರ ತಾನಾಗೇ ಆಗಿಬಿಟ್ಟಿತು. ಹೆಚ್ಚುಕಡಿಮೆ ಎರಡು ದಿನಕ್ಕೊಂದು! ಪೆನ್ಸಿಲ್ ಹಿಡಿದು ಕೂತೆ. ಒಂದೊಂದು ವಸ್ತುವಿಗೂ ಒಂದೇ ಪ್ರಶ್ನೆ: ಇದಕ್ಕಾಗಿ ಆಟೋ ಹತ್ತಿ ಸಂತೇಪೇಟೆಗೆ ಹೋಗುತ್ತಿದ್ದೆನಾ? ಹೌದು ಅನ್ನಿಸಿದ್ದಕ್ಕೆ ಟಿಕ್ ಹಾಕುತ್ತಾ ಹೋದೆ. ಟಿಕ್ ಬಿದ್ದದ್ದು 41ಕ್ಕೆ. ಉಳಿದ 127 ಸುಮ್ನೆ ಬಂದಿದ್ದವು.

ಶುರುವಾದದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ಆದ ಹಾಗೆಯೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮಗಳು ಪುಣೆಯಿಂದಲೇ ಫೋನಿನಲ್ಲಿ ಹೇಳುತ್ತಾ ಆಪ್ ಹಾಕಿಸಿದಳು. "ಅಮ್ಮ, ನೀವಿಬ್ಬರೂ ಹೊರಗೆ ಹೋಗಬೇಡಿ." ಅವಳು ಹೇಳಿದ್ದು ಸರಿಯಾಗೇ ಇತ್ತು. ಲಾಕ್‌ಡೌನ್ ಮುಗಿಯಿತು. ಆಪ್ ಉಳಿಯಿತು.

ಈ ಅಂಗಡಿಗಳು ಹುಟ್ಟಿದ ಬಗೆ ನೋಡಿದರೆ ಒಂದು ತಮಾಷೆ ಇದೆ. ಅಮೆಜಾನ್ 1995ರಲ್ಲಿ ಅಮೆರಿಕದಲ್ಲಿ ಮಾರಲು ಶುರು ಮಾಡಿದ್ದು ಪುಸ್ತಕ. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. ಅಮೆಜಾನ್ 2013ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೂ ಮೊದಲು ಇಟ್ಟದ್ದು ಪುಸ್ತಕ, ಸಿನಿಮಾ. ಪುಸ್ತಕ ಕೊಳೆಯುವುದಿಲ್ಲ, ಅಳತೆ ನೋಡಬೇಕಿಲ್ಲ, ಯಾವ ಅಂಗಡಿಯಲ್ಲಿ ತೆಗೆದುಕೊಂಡರೂ ಅದೇ ಪುಸ್ತಕ. ನೋಡದೆ ಕೊಳ್ಳುವ ಧೈರ್ಯ ಜನರಿಗೆ ಬರಲು ಇದಕ್ಕಿಂತ ಒಳ್ಳೆಯ ಸಾಮಾನು ಯಾವುದಿದೆ? ಆ ಧೈರ್ಯ ಬಂದ ಮೇಲೆ ಚಪ್ಪಲಿ, ಚಾಪೆ, ಈರುಳ್ಳಿ ಹೆಚ್ಚುವ ಡಬ್ಬಿ, ಎಲ್ಲವೂ ಬಂದವು. ನಮ್ಮವರಿಗೆ ಇನ್ನೂ ಅನುಮಾನ ಇತ್ತು, ದುಡ್ಡು ಮೊದಲೇ ಕೊಟ್ಟು ಸಾಮಾನು ಬರದಿದ್ದರೆ? ಅದಕ್ಕೆ 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ತಂದಿತು. ಡಬ್ಬ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಆ ಅನುಮಾನವೂ ಹೋಯಿತು.

ಬೇಕು ಅನ್ನಿಸುವುದಕ್ಕೂ ಕೊಳ್ಳುವುದಕ್ಕೂ ನಡುವೆ ಮೊದಲೆಲ್ಲ ಎಷ್ಟೊಂದು ಇತ್ತು ನೋಡಿ. ಚೀಲ ಹುಡುಕಬೇಕು, ಸೀರೆ ಬದಲಿಸಬೇಕು, ಬಿಸಿಲು ಇಳಿಯಬೇಕು, ಆಟೋದವನು ಒಪ್ಪಬೇಕು. ಅಷ್ಟರಲ್ಲಿ ಅರ್ಧ ಆಸೆ ತಾನಾಗೇ ಕರಗುತ್ತಿತ್ತು. ಈ ಕಂಪನಿಗಳು ಒಂದೊಂದೇ ಮೆಟ್ಟಿಲನ್ನು ಕಿತ್ತುಹಾಕುತ್ತಾ ಬಂದವು. ಒಂದೇ ಕ್ಲಿಕ್ಕಿನಲ್ಲಿ ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಗುಂಡಿ ಒಮ್ಮೆ ಒತ್ತುವುದಕ್ಕೆ ಪೇಟೆಂಟ್! 2017ರವರೆಗೂ ಅದು ಅವರ ಸ್ವತ್ತಾಗಿತ್ತು. ಕೊಳ್ಳುವವರ ಕೈಯನ್ನು ಒಂದು ಕ್ಷಣ ಕಡಿಮೆ ತಡೆದರೆ ಅದರ ಬೆಲೆ ಎಷ್ಟು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ದೇಶದಲ್ಲಿ ಒಂದು ಸಣ್ಣ ತಡೆ ಉಳಿದುಕೊಂಡಿತು. ಆನ್‌ಲೈನಿನಲ್ಲಿ ಕಾರ್ಡ್ ಬಳಸುವಾಗ ಇನ್ನೊಂದು ಪರೀಕ್ಷೆ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ಅದೇ ನಮ್ಮ ಓಟಿಪಿ. ಮೋಸ ತಡೆಯಲು ತಂದದ್ದು. ಆದರೆ ಆ ಆರು ಅಂಕಿ ಬರುವ ತನಕ ಕಾಯುವಾಗ, "ಇದು ಬೇಕಾ?" ಅನ್ನುವ ಪ್ರಶ್ನೆ ಒಮ್ಮೊಮ್ಮೆ ಇಣುಕುತ್ತಿತ್ತು. ಅದಕ್ಕೂ ದಾರಿ ಇದೆ. ಆಪ್‌ನ ವ್ಯಾಲೆಟ್‌ಗೆ ಮೊದಲೇ ದುಡ್ಡು ತುಂಬಿಸಿಟ್ಟರೆ ಓಟಿಪಿಯೂ ಬೇಡ. ನಾನು ತುಂಬಿಸಿಟ್ಟಿದ್ದೆ. ಗ್ಯಾಸ್‌ಗೆ, ಕರೆಂಟ್ ಬಿಲ್ಲಿಗೆ ಅಂತ ನೆಪ.

ಇನ್ನು ವಾರ್ಷಿಕ ಚಂದಾ. ಅಮೆಜಾನ್‌ನ ಪ್ರೈಮ್ ಭಾರತಕ್ಕೆ ಬಂದದ್ದು 2016ರಲ್ಲಿ. ಆಗ ವರ್ಷಕ್ಕೆ 499 ರೂಪಾಯಿ. 2021ರ ಕೊನೆಗೆ ಅದು 1,499 ಆಯಿತು. ಚಂದಾ ಕಟ್ಟಿದವರಿಗೆ ಡೆಲಿವರಿ ಪುಕ್ಕಟೆ. ನಮ್ಮ ಬುದ್ಧಿ ಹೇಗೆ ಓಡುತ್ತದೆ ಗೊತ್ತಲ್ವಾ, ಮದುವೆ ಊಟಕ್ಕೆ ಮುಯ್ಯಿ ಕೊಟ್ಟಾಗಿದೆ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳೋಣ ಅನ್ನುವ ಹಾಗೆ. ಚಂದಾ ಬಿಡೋಣ ಅಂದರೆ ಅದೂ ಸುಲಭವಲ್ಲ. ಈ ವಿಷಯದಲ್ಲಿ ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಪ್ರೈಮ್ ರದ್ದು ಮಾಡುವ ದಾರಿಗೆ ಕಂಪನಿಯ ಒಳಗಿನವರು ಇಲಿಯಡ್ ಅಂತ ಹೆಸರಿಟ್ಟಿದ್ದರು ಅಂತ ಆ ದಾವೆಯಲ್ಲಿದೆ. ಗ್ರೀಕರ ಆ ದೊಡ್ಡ ಯುದ್ಧಕಾವ್ಯದ ಹೆಸರು. ನಮ್ಮವರಾಗಿದ್ದರೆ ಕುರುಕ್ಷೇತ್ರ ಅಂತ ಇಡುತ್ತಿದ್ದರೇನೋ! 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 250 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು.

ನಮ್ಮಲ್ಲೂ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಕೈಚಳಕಗಳನ್ನು ಹೆಸರಿಸಿ, ಮಾಡಬಾರದು ಅಂತ ಮಾರ್ಗಸೂಚಿ ಹೊರಡಿಸಿದೆ. ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಇನ್ನೂ ಬೇಕಾದಷ್ಟು ಇದ್ದರೂ "ಎರಡೇ ಉಳಿದಿವೆ" ಅಂತ ಆತುರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಇನ್ನೊಂದನ್ನು ಸೇರಿಸುವುದು, ಬೇಡ ಅಂದರೆ ನಾಚಿಕೆಯಾಗುವಂತೆ ಮಾಡುವುದು, ಬಿಡಿಸಿಕೊಳ್ಳಲಾಗದ ಚಂದಾ. ನಿಮಗೆ ಹೀಗಾದರೆ 1915ಕ್ಕೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇಷ್ಟೆಲ್ಲ ಹೇಳಿ ಕಂಪನಿ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಪಟ್ಟಿಯಲ್ಲಿ ದಿನಾಂಕಗಳೂ ಇದ್ದವಲ್ಲ. ಮಗಳು ಬಂದು ಒಂದು ವಾರ ಇದ್ದು ಪುಣೆಗೆ ಹೊರಟ ಮರುದಿನ ನಾಲ್ಕು ಆರ್ಡರ್. ನನ್ನ ಹಳೆಯ ಸಹೋದ್ಯೋಗಿ ತೀರಿಕೊಂಡ ವಾರ ಆರು. ಹೆಚ್ಚಿನವು ರಾತ್ರಿ ಹತ್ತರ ನಂತರ. ಎರಡು ದಿನ ಬಿಟ್ಟು ಬೆಲ್ ಆಗುತ್ತದೆ. ಯಾರೋ ನನ್ನ ಹೆಸರು ಹಿಡಿದು ಕೂಗುತ್ತಾರೆ. ನಿವೃತ್ತಿಯಾದವರ ಮನೆಯಲ್ಲಿ ಅದೂ ಒಂದು ಸಂಭ್ರಮ. ಡಬ್ಬ ಬಿಚ್ಚದೆ ಅಟ್ಟಕ್ಕೆ ಯಾಕೆ ಹೋಯಿತು ಅಂತ ಆಗ ಹೊಳೆಯಿತು. ಬೆಲ್ ಆದಾಗಲೇ ನನ್ನ ಕೆಲಸ ಮುಗಿದಿತ್ತು.

ಬಿಡಲು ನಾನು ದೊಡ್ಡ ಶಪಥವೇನೂ ಮಾಡಲಿಲ್ಲ. ಅವರು ಕಿತ್ತ ಮೆಟ್ಟಿಲುಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದೆ. ಫೋನಿನಿಂದ ಆಪ್ ತೆಗೆದೆ. ಉಳಿಸಿಟ್ಟಿದ್ದ ಕಾರ್ಡ್ ಅಳಿಸಿದೆ. ಏನಾದರೂ ಬೇಕೇ ಬೇಕಾದರೆ ಕಂಪ್ಯೂಟರ್ ಹಾಕಿ, ಪಾಸ್‌ವರ್ಡ್ ಬರೆದಿಟ್ಟ ಡೈರಿ ಹುಡುಕಬೇಕು. ಚಂದಾ ಬಿಟ್ಟೆ, ಅದಕ್ಕೆ ಅರ್ಧ ಗಂಟೆಯೂ ನಮ್ಮ ಮನೆಯವರ ಕನ್ನಡಕವೂ ಬೇಕಾಯಿತು. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಒಂದು ಚೀಟಿ ಸಿಕ್ಕಿಸಿದೆ. ಬೇಕು ಅನ್ನಿಸಿದ್ದನ್ನು ಅದರಲ್ಲಿ ಬರೆಯುವುದು, ಶನಿವಾರ ಪೇಟೆಗೆ ಹೋಗುವುದು. ಅಷ್ಟೇ. ಮೊದಲ ಎರಡು ವಾರ ಕಷ್ಟವಾಯಿತು. ರಾತ್ರಿ ಕೈ ತಾನಾಗೇ ಫೋನಿಗೆ ಹೋಗುತ್ತಿತ್ತು, ಆಪ್ ಇದ್ದ ಜಾಗವನ್ನೇ ಒತ್ತುತ್ತಿತ್ತು. ಅಲ್ಲಿ ಈಗ ಪಂಚಾಂಗದ ಆಪ್ ಬಂದು ಕೂತಿದೆ. ಹಾಗಾಗಿ ಆ ದಿನಗಳಲ್ಲಿ ರಾಹುಕಾಲ ಎಷ್ಟೊತ್ತಿಗೆ ಅಂತ ನನಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಚೀಟಿಯ ಗುಣ ವಿಚಿತ್ರ. ಸೋಮವಾರ ಬರೆದದ್ದು ಶನಿವಾರ ಓದುವಾಗ ಬೇರೆ ಯಾರೋ ಬರೆದಂತೆ ಕಾಣುತ್ತದೆ. "ಬಾಳೆಹಣ್ಣು ತೂಗುಹಾಕುವ ಸ್ಟ್ಯಾಂಡ್" ಅಂತ ಒಂದು ದಿನ ಬರೆದಿದ್ದೆ. ಶನಿವಾರದ ಹೊತ್ತಿಗೆ ಬಾಳೆಹಣ್ಣೇ ಮುಗಿದಿತ್ತು.

ಪೇಟೆಗೆ ಹೋದ ಮೊದಲ ಶನಿವಾರ ಕುಕ್ಕರ್ ಗ್ಯಾಸ್ಕೆಟ್ ಬೇಕಿತ್ತು. ಇದನ್ನೇ ಮನೆಗೆ ಎರಡು ಸಲ ತರಿಸಿದ್ದೆ, ಎರಡು ಸಲವೂ ಅಳತೆ ತಪ್ಪು. ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಪಾತ್ರೆ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ಅದನ್ನು ಬೆರಳಿಗೆ ಸುತ್ತಿ ನೋಡಿ, "ಐದು ಲೀಟರಿಂದು, ಹೊರಗಡೆ ಮುಚ್ಚಳ" ಅಂದರು. ಆಮೇಲೆ ನನ್ನ ಮುಖ ನೋಡಿ, "ಮಿಸ್! ನೀವು ನನಗೆ ಗಣಿತದಲ್ಲಿ 38 ಕೊಟ್ಟಿದ್ರಿ!" ಗ್ಯಾಸ್ಕೆಟ್ ಜೊತೆ ಒಂದು ಮಾತೂ ಬಂತು. "ಮಿಸ್, ಸೇಫ್ಟಿ ವಾಲ್ವ್ ಬದಲಿಸಿ ಎಷ್ಟು ದಿನ ಆಯ್ತು?" ನಾನು ಬದಲಿಸಿಯೇ ಇರಲಿಲ್ಲ. ಆ ಪ್ರಶ್ನೆಯನ್ನು ಅಷ್ಟು ವರ್ಷ ನನ್ನನ್ನು ಯಾರೂ ಕೇಳಿರಲಿಲ್ಲ.

ಊದುಬತ್ತಿಯ ಕತೆ ಇನ್ನೂ ಚೆನ್ನಾಗಿದೆ. ನಾನು ತರಿಸುತ್ತಿದ್ದ ಪೊಟ್ಟಣದ ಮೇಲೆ ತಯಾರಾದ ಊರು ಮೈಸೂರು ಅಂತಲೇ ಇತ್ತು. ಅದು ಇಲ್ಲಿಂದ ಹೊರಟು, ಬೆಂಗಳೂರಿನ ಆಚೆಯ ಗೋದಾಮು ನೋಡಿ, ರಟ್ಟಿನ ಡಬ್ಬ ಹಾಕಿಕೊಂಡು ಮತ್ತೆ ಮೈಸೂರಿಗೆ ಬರುತ್ತಿತ್ತು. ನನಗಿಂತ ಜಾಸ್ತಿ ಊರು ಸುತ್ತಿದೆ. ಈಗ ದೇವರಾಜ ಮಾರುಕಟ್ಟೆಯ ಹತ್ತಿರ ತೆಗೆದುಕೊಳ್ಳುತ್ತೇನೆ.

ಹಾಗಂತ ಅಂಗಡಿಯವರೆಲ್ಲ ದೇವರಲ್ಲ. ಒಬ್ಬರು ಬಿಲ್ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಇನ್ನೊಬ್ಬರು ಕೆಟ್ಟ ಟಾರ್ಚ್ ವಾಪಸ್ ತೆಗೆದುಕೊಳ್ಳಲಿಲ್ಲ, ಜಗಳವೇ ಆಯಿತು. ಸ್ಟೀಲ್ ರ‍್ಯಾಕಿಗೆ ಆನ್‌ಲೈನಿಗಿಂತ 150 ರೂಪಾಯಿ ಜಾಸ್ತಿ ಕೊಟ್ಟೆ. ಒಂದೊಂದು ವಸ್ತುವಿನ ಬೆಲೆ ಹೋಲಿಸಿದರೆ ನಾನು ಎಷ್ಟೋ ಸಲ ಸೋಲುತ್ತೇನೆ. ತಿಂಗಳ ಕೊನೆಗೆ ಪಾಸ್‌ಬುಕ್ ನೋಡಿದಾಗ ಗೆಲ್ಲುತ್ತೇನೆ. ಯಾಕೆಂದರೆ ಆ 127 ಈಗ ಬರುತ್ತಿಲ್ಲ.

ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ನಮ್ಮ ಮನೆಯವರ ಕಿವಿಯ ಯಂತ್ರದ ಬ್ಯಾಟರಿ ಈಗಲೂ ಆನ್‌ಲೈನಿನಿಂದಲೇ ಬರುತ್ತದೆ. ಸಾಗರದ ಕಡೆ ತೋಟದ ಮನೆಯಲ್ಲಿರುವ ನನ್ನ ಗೆಳತಿಗೆ ಇದನ್ನೆಲ್ಲ ಹೇಳಿದೆ. "ನಿನಗೇನಮ್ಮ, ಮನೆಯಿಂದ ಹೊರಟರೆ ಪೇಟೆ. ನನಗೆ ಒಂದು ಮಿಕ್ಸಿ ಜಾರ್ ಬೇಕಂದ್ರೆ ಬಸ್ಸಿಗೆ ಎರಡು ಕಿಲೋಮೀಟರ್ ನಡೀಬೇಕು" ಅಂದಳು. ನನ್ನ ಬಾಯಿ ಕಟ್ಟಿತು. ಅವಳ ಮನೆಗೆ ಡಬ್ಬ ಬರಲಿ. ಪುಸ್ತಕ ಮಾತ್ರ ಸಪ್ನಾ, ನವಕರ್ನಾಟಕದಂಥವರ ವೆಬ್‌ಸೈಟಿನಿಂದಲೇ ನೇರವಾಗಿ ತರಿಸು ಅಂದೆ. ಅದಕ್ಕೆ ಒಪ್ಪಿದಳು.

ಒಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ನಮ್ಮ ಬೀದಿಗೆ ಬರುವ ಡೆಲಿವರಿ ಹುಡುಗ. ಒಂದು ತಿಂಗಳು ನನಗೇನೂ ಬರದಿದ್ದಾಗ, ಪಕ್ಕದ ಮನೆಗೆ ಡಬ್ಬ ಕೊಡಲು ಬಂದವನು ಗೇಟಿನ ಹತ್ತಿರ ನಿಂತು, "ಅಮ್ಮಾ, ಊರಲ್ಲಿರಲಿಲ್ವಾ? ಹುಷಾರಾಗಿದ್ದೀರಾ?" ಅಂತ ಕೇಳಿದ. ಅವನಿಗೆ ಸಂಬಳವಿಲ್ಲ. ಡಬ್ಬಕ್ಕಿಷ್ಟು ಅಂತ ಸಿಗುತ್ತದೆ. ನಾನು ಉಳಿಸಿದ 127ರಲ್ಲಿ ಅವನ ಪಾಲೂ ಇತ್ತಲ್ವಾ? 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆ, ಅಂದರೆ ಇವನ ಹಾಗೆ ಆಪ್‌ಗಳ ಮೂಲಕ ಕೆಲಸಕ್ಕಿಷ್ಟು ಅಂತ ದುಡಿಯುವವರಿಗೆ, ಒಂದು ಕಾಯ್ದೆ ಮಾಡಿದೆ. ಅವರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಅದು ಅವರ ಸಾಮಾಜಿಕ ಭದ್ರತೆಗೆ ಹೋಗಬೇಕು. ಅವನಿಗೆ ಹೇಳಿದೆ. "ಹೌದಾ ಅಮ್ಮ? ನೋಡ್ತೀನಿ" ಅಂದ. ನೀರು ಕುಡಿದು, ಗಾಡಿ ಹತ್ತಿ ಹೋದ. ಈಗ ಡಬ್ಬ ಇಲ್ಲದಿದ್ದರೂ ಮಜ್ಜಿಗೆಗೆ ನಿಲ್ಲುತ್ತಾನೆ, ಪುರುಸೊತ್ತಿದ್ದರೆ.

ಈ ಶನಿವಾರದ ಚೀಟಿಯಲ್ಲಿ ಮೂರು ಐಟಂ ಇದೆ. ಪೊರಕೆ, 60 ವಾಟ್‌ನ ಬಲ್ಬಿಗೆ ಬದಲಾಗಿ ಎಲ್ಇಡಿ, ಮತ್ತೆ ನಮ್ಮ ಮನೆಯವರ ಅಕ್ಷರದಲ್ಲಿ ಕೋಡುಬಳೆ. ಚೀಟಿಗೆ ಹಾಳೆ ಎಲ್ಲಿಂದ ಹರಿಯುತ್ತೇನೆ ಅಂತ ಹೇಳಿಬಿಡುತ್ತೇನೆ. ಅಟ್ಟದ ಮೂರನೇ ಡಬ್ಬದಲ್ಲಿ ಇದ್ದದ್ದು ಮನೆಯ ಖರ್ಚು ಹತೋಟಿಯಲ್ಲಿಡಲು ಬರೆಯುವ ಪುಸ್ತಕ. ಒಂದು ಕೊಂಡರೆ ಎರಡು ಪುಕ್ಕಟೆ ಅಂತ ಹಾಕಿದ್ದರು. ಮೊದಲನೆಯದೇ ಇನ್ನೂ ಅರ್ಧ ಉಳಿದಿದೆ.

ನಮಸ್ಕಾರ.