ಯೂರಿಯಾದ ಜೊತೆಗೆ ಬರುವ ಪೊಟ್ಟಣ

ಕೇಳುಗರಿಗೆ ನಮಸ್ಕಾರ. ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ ಸೀಮೆಯಲ್ಲಿ ರಾಗಿ ಪೈರಿಗೆ ಮೇಲುಗೊಬ್ಬರ ಕೊಡುವ ಹೊತ್ತಿಗೆ ಹದವಾದ ಮಳೆ ಬಿತ್ತೆಂದರೆ, ಮರುದಿನ ಬೆಳಗಾಗುವಷ್ಟರಲ್ಲಿ ಗೊಬ್ಬರದಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಅಂಥದೊಂದು ಸಾಲಿನಲ್ಲಿ ನಾನೂ ನಿಂತಿದ್ದೆ. 45 ಕಿಲೋ ಯೂರಿಯಾ ಮೂಟೆಯ ಮೇಲೆ ಅಂಗಡಿಯವರು ಸತುವಿನ ಪೊಟ್ಟಣವೊಂದನ್ನು ಇಟ್ಟು, 'ಲಿಂಕ್ ಇದೆ, ಎರಡನ್ನೂ ತಗೊಳ್ಳಬೇಕು' ಎಂದರು. ನನ್ನ ಮುಂದಿದ್ದ ಹಿರಿಯರು ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ, ಮರುಮಾತಾಡದೆ ದುಡ್ಡು ಎಣಿಸಿದರು.

ಈ ಲಿಂಕನ್ನೇ, ವ್ಯಾಪಾರದಲ್ಲಿ ಪೈಪೋಟಿಯನ್ನು ಕಾಯುವ ಸ್ಪರ್ಧಾ ಕಾನೂನು 'ಟೈ-ಇನ್' ಎನ್ನುತ್ತದೆ. ಎರಡು ವಸ್ತುಗಳನ್ನು ಒಟ್ಟಿಗೆ ಮಾರುವುದು ತಪ್ಪಲ್ಲ. ಬೇಕಾದದ್ದನ್ನು ಬಿಡಿಯಾಗಿ ಕೊಡಲು ಒಪ್ಪದಿರುವುದರಲ್ಲಿ ತೊಡಕಿದೆ.

ಅಮೆರಿಕದ 1914ರ ಕ್ಲೇಟನ್ ಕಾಯ್ದೆ ಇದನ್ನು ಸರಕುಗಳ ಮಟ್ಟಿಗೆ ನಿರ್ಬಂಧಿಸಿತು. ಆದರೆ ಅದು ತಪ್ಪೆನಿಸಬೇಕಾದರೆ ಮಾರುವವನಿಗೆ ಮಾರುಕಟ್ಟೆಯಲ್ಲಿ ಬಲವಿರಬೇಕೆಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು. ಲೂಯಿಸಿಯಾನದ ಆಸ್ಪತ್ರೆಯೊಂದು ಶಸ್ತ್ರಚಿಕಿತ್ಸೆಗೆ ಬಂದವರೆಲ್ಲ ಒಂದೇ ಸಂಸ್ಥೆಯ ಅರಿವಳಿಕೆ ವೈದ್ಯರನ್ನು ಒಪ್ಪಿಕೊಳ್ಳಬೇಕೆಂದಾಗ, ಆ ಭಾಗದ ರೋಗಿಗಳಲ್ಲಿ ಶೇಕಡ 70 ಮಂದಿ ಬೇರೆ ಆಸ್ಪತ್ರೆಗಳಿಗೆ ಹೋಗುತ್ತಾರಲ್ಲವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲಿ ಅದರ ವಿರುದ್ಧದ ಆಕ್ಷೇಪವನ್ನು ತಳ್ಳಿಹಾಕಿತು. ಹದ ಆರುವ ಮುನ್ನ ಹೊಲಕ್ಕೆ ಗೊಬ್ಬರ ಸೇರಬೇಕಾದ ರೈತನಿಗೆ ಅಂಥ 'ಬೇರೆ ಕಡೆ' ಎಷ್ಟು ದೂರ ಎಂಬುದನ್ನು ಈ ಲೆಕ್ಕ ಹಿಡಿಯಲಾರದು ಎಂಬುದು ನನ್ನ ಅನಿಸಿಕೆ.

ಯುರೋಪಿನಲ್ಲಿ ಪ್ರಬಲ ಸಂಸ್ಥೆಯ ಮೇಲೆ ಹೆಚ್ಚಿನ ಹೊಣೆ ಇದೆ. ಕಂಪ್ಯೂಟರ್ ನಡೆಸುವ ವಿಂಡೋಸ್ ತಂತ್ರಾಂಶದ ಜೊತೆ, ಹಾಡು-ವಿಡಿಯೊ ನುಡಿಸುವ ಮೀಡಿಯಾ ಪ್ಲೇಯರನ್ನು ಬೆಸೆದದ್ದಕ್ಕಾಗಿ ಮೈಕ್ರೋಸಾಫ್ಟ್ ವಿರುದ್ಧ 2004ರಲ್ಲಿ ಯುರೋಪಿಯನ್ ಆಯೋಗ ಆದೇಶ ನೀಡಿತು. ಪ್ಲೇಯರ್ ಇಲ್ಲದ ವಿಂಡೋಸ್ ಅಂಗಡಿಗೆ ಬಂತು, ಆದರೆ ಬೆಲೆ ಅಷ್ಟೇ ಇದ್ದುದರಿಂದ ಕೊಂಡವರು ತೀರ ವಿರಳ.

ನಮ್ಮ 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಂನ 4ನೆಯ ಉಪಕಲಂ, ಇಂಥ ಒಪ್ಪಂದ ಸ್ಪರ್ಧೆಗೆ ಗಣನೀಯ ಧಕ್ಕೆ ತಂದರೆ ಮಾತ್ರ ಅದನ್ನು ಅಸಿಂಧುವೆನ್ನುತ್ತದೆ. 2023ರ ತಿದ್ದುಪಡಿ ಸೇವೆಗಳನ್ನೂ ಟೈ-ಇನ್ ವ್ಯಾಪ್ತಿಗೆ ತಂದಿತು. ಅದೇ ತಿದ್ದುಪಡಿ, ಉದ್ಯಮ ಮತ್ತು ಅಂತಿಮ ಗ್ರಾಹಕರ ನಡುವಿನ ಒಪ್ಪಂದಗಳನ್ನು ಈ ಉಪಕಲಂನಿಂದ ಹೊರಗಿಟ್ಟಿತು. ಕಂಪನಿ ವ್ಯಾಪಾರಿಯ ಮೇಲೆ ಹೇರಿದ ಲಿಂಕ್ ಸ್ಪರ್ಧಾ ಆಯೋಗಕ್ಕೆ ಹೋಗಬಹುದು, ವ್ಯಾಪಾರಿ ರೈತನ ಮೇಲೆ ಹೇರಿದ್ದಕ್ಕೆ ಆ ಉಪಕಲಂನ ಆಸರೆ ಸಿಗುವುದು ಕಷ್ಟ. ಅತ್ಯಂತ ದುರ್ಬಲನಾದವನೇ ಹೀಗೆ ಹೊರಗುಳಿದದ್ದು ನನಗೆ ನೋವಿನ ಸಂಗತಿ.

ಅವನಿಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆನ್ನುವುದನ್ನು ಅದು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ದೂರು ಒಯ್ಯಲು ದೆಹಲಿಗೆ ಹೋಗಬೇಕಿಲ್ಲ, ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಯೂರಿಯಾ ಮತ್ತು ಪೊಟ್ಟಣ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿದ ಬಿಲ್ಲು ಮಾತ್ರ ಕೈಯಲ್ಲಿರಬೇಕು.