ಮದರ್‌ಬೋರ್ಡ್ ಹೆಸರು ಓದಿದ್ರಾ ಮೊದಲು?

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಪ್ರಿಂಟರ್ ಬಗ್ಗೆ ಮಾತಾಡಬೇಕು ಅಂತ ಇದ್ದೆ. ಬೆಳಿಗ್ಗೆ ಕಂಪ್ಯೂಟರ್ ರ‍್ಯಾಮ್ ಬಗ್ಗೆ ಒಂದು ಕಾಮೆಂಟ್ ಓದಿದೆ ನೋಡಿ, ಕೈಯಲ್ಲಿದ್ದ ಕಾಫಿ ಆರಿಹೋಯಿತು. "ಗುರು, ಡಿಡಿಆರ್3 ಅಂದ್ರೆ ಡಿಡಿಆರ್3. ತಂದು ಸಿಗಿಸಿದ್ರೆ ಆಯ್ತು. ಇದಕ್ಕೂ ಒಂದು ವಿಡಿಯೋನಾ?" ಅಂತೆ. ಅದಕ್ಕೆ ಲೈಕ್ ಬೇರೆ. ಡಿಡಿಆರ್3 ಅಂದರೆ ರ‍್ಯಾಮ್‌ನ ಒಂದು ತಲೆಮಾರು, ಅದನ್ನು ಸಿಗಿಸೋದು ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡಿಗೆ, ಅಂದರೆ ಮದರ್‌ಬೋರ್ಡಿಗೆ.

ಸಿಗಿಸಿದರೆ ಆಯ್ತಾ? ನಾನೂ ಹಾಗೇ ಅಂದುಕೊಂಡಿದ್ದೆ ಸ್ವಾಮಿ. ನಮ್ಮ ಸೋದರಮಾವನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಬೋರ್ಡ್ ಮೇಲೆ ರ‍್ಯಾಮ್ ನೋಡಿಕೊಳ್ಳೋದು ಇಂಟೆಲ್‌ನ ಜಿ41 ಚಿಪ್‌ಸೆಟ್, ಇರೋದು 2 ಜಿಬಿ ರ‍್ಯಾಮ್. ಕನ್ನಡ ಟೈಪಿಂಗಿನ ನುಡಿ ಜೊತೆ ಬ್ರೌಸರ್ ತೆರೆದರೆ ಮೌಸ್ ಬಾಣವೇ ನಿದ್ದೆ ಹೋಗುತ್ತದೆ. ನಾನು ಬೆಂಗಳೂರಿನ ಕಂಪ್ಯೂಟರ್ ಸಂತೆ ಎಸ್‌ಪಿ ರೋಡಿಗೆ ಹೋಗಿ 8 ಜಿಬಿಯ ಒಂದು ರ‍್ಯಾಮ್ ಸ್ಟಿಕ್ ತಂದೆ. ಡಿಡಿಆರ್3ನೇ. ಸ್ಲಾಟಿನಲ್ಲಿ ನೀಟಾಗಿ ಕೂತಿತು, ಲಾಕ್ ಟಕ್ ಅಂದಿತು. ಪವರ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು, ಬೀಪ್ ಮೇಲೆ ಬೀಪ್. ಬಿಚ್ಚಿ, ನಮ್ಮೂರ ಸರ್ವರೋಗ ಪರಿಹಾರ ಇದೆಯಲ್ಲ, ಪೆನ್ಸಿಲ್ ರಬ್ಬರ್, ಅದರಿಂದ ಚಿನ್ನದ ಬಣ್ಣದ ಪಿನ್‌ಗಳನ್ನೆಲ್ಲಾ ಉಜ್ಜಿದೆ. ಮತ್ತೆ ಬೀಪ್. ಮಾವ ಕನ್ನಡಕದ ಮೇಲಿಂದ ನೋಡಿ, "ಏನೋ, ಇದ್ದದ್ದನ್ನೂ ಕೆಡಿಸಿದೆಯಾ?" ಅಂದರು.

ಬೋರ್ಡ್ ಹೆಸರು ಓದಿರಲಿಲ್ಲ ನಾನು! ಅಷ್ಟೇ ತಪ್ಪು. ಜಿ41ಗೆ ಒಂದು ಸ್ಲಾಟಿಗೆ 4 ಜಿಬಿ, ಒಟ್ಟು 8 ಜಿಬಿ, ಅಲ್ಲಿಗೆ ಮುಗಿಯಿತು. ಆ 4 ಜಿಬಿನೂ ಸುಮ್ನೆ ಯಾವುದೋ ಒಂದು ಆಗುವುದಿಲ್ಲ. ಎರಡೂ ಬದಿಗೆ ಎಂಟೆಂಟು, ಒಟ್ಟು 16 ಚಿಪ್ ಇರುವ ಸ್ಟಿಕ್ ಬೇಕು. ಬರೀ 8 ಚಿಪ್‌ನಲ್ಲಿ 4 ಜಿಬಿ ತುಂಬಿದ್ದರೆ ಒಂದೊಂದು ಚಿಪ್‌ನ ಅಳತೆ ದುಪ್ಪಟ್ಟು, ಅಷ್ಟು ದೊಡ್ಡ ಚಿಪ್ ಓದೋಕೆ ಆ ಹಳೇ ಚಿಪ್‌ಸೆಟ್‌ಗೆ ಬರಲ್ಲ. ಅದೇ 8 ಜಿಬಿ ಸ್ಟಿಕ್ಕನ್ನು ಪಕ್ಕದ ಮೆಡಿಕಲ್ ಅಂಗಡಿಯ ಎಚ್61 ಚಿಪ್‌ಸೆಟ್ ಇರುವ ಬೋರ್ಡಿಗೆ ಹಾಕಿದೆ, ಮಗು ಥರ ಎದ್ದು ಕೂತಿತು. ಸ್ಟಿಕ್ ಒಂದೇ, ಡಿಡಿಆರ್3 ಒಂದೇ, ಬೋರ್ಡ್ ಬೇರೆ. ಈಗ ಹೇಳಿ, ಡಿಡಿಆರ್3 ಅಂದ್ರೆ ಡಿಡಿಆರ್3ನಾ?

ಇನ್ನೊಂದು ಮಜಾ ಕೇಳಿ, ಜಿ41 ಬೋರ್ಡ್‌ಗಳಲ್ಲಿ ಡಿಡಿಆರ್2 ಹಾಕುವವೂ ಇವೆ, ಡಿಡಿಆರ್3 ಹಾಕುವವೂ ಇವೆ. ಎರಡಕ್ಕೂ 240 ಪಿನ್. ನಡುವಿನ ಕಚ್ಚು ಮಾತ್ರ ಸ್ವಲ್ಪ ಆಚೆ ಈಚೆ. ಅದನ್ನು ಬಲ ಹಾಕಿ ಒತ್ತುವವರೂ ಇದ್ದಾರೆ, ಮಸಾಲೆ ದೋಸೆ ಥರ ಮಡಿಸುತ್ತಾರಾ ಬೋರ್ಡನ್ನು? ಓದಿ ಹೆಸರು!

"ಅಂಗಡಿಯವರನ್ನೇ ಕೇಳಿದರೆ ಆಯ್ತಲ್ವಾ ಅಣ್ಣ?" ಕೇಳಿ, ಕೇಳಿ. "ಆಗುತ್ತೆ ಸಾರ್" ಅಂತ ಬರುತ್ತದೆ ಉತ್ತರ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಬೋರ್ಡಿಗೆ ಮಾತ್ರ ನಡೆಯುವ ಅಗ್ಗದ ಡಿಡಿಆರ್3 ಇದೆ, ಇಂಟೆಲ್‌ಗೆ ಹಾಕಿದರೆ ಕಪ್ಪು ಪರದೆ. ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್ ಇದೆ, ಅದು ಮಾಮೂಲಿ ಡೆಸ್ಕ್‌ಟಾಪ್‌ಗೆ ಆಗಲ್ಲ. ಅದಕ್ಕೂ "ಆಗುತ್ತೆ ಸಾರ್".

"ಸಿಪಿಯು-ಝಡ್ ಹಾಕಿ ನೋಡಿದರೆ ಸಾಕು" ಅನ್ನುವವರೇ, ಕಂಪ್ಯೂಟರ್ ಒಳಗೆ ಏನಿದೆ ಅಂತ ತೋರಿಸುವ ಆ ಸಾಫ್ಟ್‌ವೇರ್‌ನ ಮೇನ್‌ಬೋರ್ಡ್ ಟ್ಯಾಬಿನಲ್ಲಿ ಏನಿರುತ್ತದೆ? ಬೋರ್ಡ್ ಹೆಸರು! ನನ್ನ ಮಾತೇ ಹೇಳಿದಿರಿ, ಥ್ಯಾಂಕ್ಸ್. ಮೆಮೊರಿ ಟ್ಯಾಬಿನಲ್ಲಿ ರ‍್ಯಾಮ್ ವೇಗ 666 ಅಂತ ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ, ಅದನ್ನು ಎರಡರಿಂದ ಗುಣಿಸಬೇಕು, ನಿಮ್ಮ ಸ್ಟಿಕ್ ಮೇಲಿನ 1333 ಅದೇ. ಈ ಒಂದು ಮಾತಿಗಾದರೂ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ನನ್ನ ಹೆಂಡತಿ ಕೂಡ ಇನ್ನೂ ಒತ್ತಿಲ್ಲ.

ಹಾಂ, ವಿಂಡೋಸ್ 32 ಬಿಟ್ ಇದ್ದರೆ 4 ಜಿಬಿ ಮೇಲೆ ಹಾಕಿ ಏನೂ ಉಪಯೋಗ ಇಲ್ಲ. ಅದು ಇನ್ನೊಂದು ವಿಡಿಯೋ.

ಬೋರ್ಡ್ ಹೆಸರು ಎಲ್ಲಿ ಬರೆದಿರುತ್ತದೆ ಅಂತ ಕೇಳಬೇಡಿ. ಬೋರ್ಡ್ ಮೇಲೇ ಬರೆದಿರುತ್ತದೆ! ಸ್ಲಾಟುಗಳ ನಡುವೆಯೋ, ಪ್ರೊಸೆಸರ್ ಪಕ್ಕದಲ್ಲೋ, ದೊಡ್ಡ ಅಕ್ಷರದಲ್ಲಿ. ಧೂಳು ಕೂತಿದ್ದರೆ ಹಳೇ ಪೇಂಟ್ ಬ್ರಷ್ ತಗೊಳ್ಳಿ. ಆ ಹೆಸರನ್ನು ಕಂಪನಿ ಸೈಟಿನಲ್ಲಿ ಹಾಕಿ, ಮೆಮೊರಿ ಪಟ್ಟಿ ನೋಡಿ, ಆಮೇಲೆ ಬಸ್ ಹತ್ತಿ. "ಅಷ್ಟೆಲ್ಲಾ ಯಾರು ಮಾಡ್ತಾರೆ" ಅಂತೀರಾ? ನಾನು ಎರಡು ಸಲ ಎಸ್‌ಪಿ ರೋಡಿಗೆ ಹೋಗಿದ್ದೇನೆ ರೀ, ಎರಡು ಸಲ, ಆ ಟ್ರಾಫಿಕ್ಕಿನಲ್ಲಿ!

ಕಾಮೆಂಟ್ ಹಾಕಿದ ಗುರುಗಳೇ, ನಿಮ್ಮ ಬೋರ್ಡ್ ಹೆಸರೇನು? ಕ್ಯಾಬಿನೆಟ್ ಬಿಚ್ಚಿ, ಓದಿ, ಕೆಳಗೆ ಬರೆಯಿರಿ. ಕಾಯುತ್ತಾ ಇರುತ್ತೇನೆ.